ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಸಿನಿಮಾ ಮುಗಿದರೂ ಯಾರೂ ಏಳಲಿಲ್ಲ. ಕೊನೆಯ ಸಾಲಿನ ಮುದುಕರೊಬ್ಬರಂತೂ ಮುಖಕ್ಕೆ ಒತ್ತಿಕೊಂಡ ಕರ್ಚೀಫು ತೆಗೆದಿರಲಿಲ್ಲ.

ಮಗಳ ಮೇಲೆ ಮುನಿದು ವರ್ಷಗಟ್ಟಲೆ ಮಾತು ಬಿಟ್ಟ ತಂದೆಯೊಬ್ಬನ ಕತೆ ಅದು. ಕೊನೆಗೊಂದು ದಿನ ಅವನು ತಡೆಯಲಾರದೆ ಅವಳ ಮನೆಯ ತನಕ ಹೋಗುತ್ತಾನೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ, ಬೆಲ್ಲಿನ ಹತ್ತಿರ ಕೈ ಒಯ್ಯುತ್ತಾನೆ. ಅಷ್ಟು ದೂರ ಬಂದವನಿಗೆ ಅಲ್ಲಿ ಏನನ್ನಿಸುತ್ತದೋ, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಮೆಟ್ಟಿಲಿಳಿದು ಹೋಗಿಬಿಡುತ್ತಾನೆ. ಅಷ್ಟೇ ಸಿನಿಮಾ.

ನಿರ್ದೇಶಕಿ ವೇದಿಕೆಗೆ ಬಂದಳು. ಜನ ಹೊಗಳಿದ್ದೇ ಹೊಗಳಿದ್ದು. ಮೈಕು ಕೈಯಿಂದ ಕೈಗೆ ದಾಟಿ ಕೊನೆಯ ಸಾಲಿಗೆ ಬಂದಾಗ ಮುದುಕರು ಎದ್ದು ನಿಂತರು. ವೇದಿಕೆಯ ದೀಪ ಅವಳ ಕಣ್ಣಿಗೇ ಹೊಡೆಯುತ್ತಿತ್ತು. ಅಷ್ಟು ಹಿಂದೆ ನಿಂತವರು ಅವಳಿಗೆ ಕಾಣುವಂತಿರಲಿಲ್ಲ.

“ಸಿನಿಮಾ ತುಂಬಾ ಚೆನ್ನಾಗಿದೆ ಮೇಡಂ. ಒಂದೇ ಒಂದು ಅನುಮಾನ. ಅವನು ಬಂದು ಹೋಗಿದ್ದನ್ನ ಯಾರೂ ನೋಡಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

ಕತೆ ಕಟ್ಟಿದವಳನ್ನೇ ಹೀಗೆ ಕೇಳಿದ್ದಕ್ಕೆ ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ.

“ಮಗಳು ನೋಡಿದ್ಲು ಸರ್. ಬಾಗಿಲಿನ ಈ ಕಡೆ ನಿಂತು ಕಿಂಡಿಯಿಂದ ನೋಡ್ತಾನೇ ಇದ್ಲು. ಅದನ್ನ ಸಿನಿಮಾದಲ್ಲಿ ತೋರಿಸೋಕೆ ನನಗೆ ಧೈರ್ಯ ಬರ್ಲಿಲ್ಲ.”

ಮುದುಕರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು.

“ಮತ್ತೆ ಯಾಕಮ್ಮಾ ಬಾಗಿಲು ತೆಗೀಲಿಲ್ಲ?”

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಕತ್ತಲಲ್ಲಿ ಆ ದನಿಯನ್ನು ಹುಡುಕಿದಳು.

“ನೀನು ಬೆಲ್ ಮಾಡ್ತೀಯ ಅಂತ ಕಾಯ್ತಾ ನಿಂತಿದ್ದೆ, ಅಪ್ಪಾ.”