ಎಡಕ್ಕೆ ಒಂದು ಸುತ್ತು

ಹಿಮಾಲಯದ ಮೂಲೆಯ ಆ ಊರಿನಲ್ಲಿ ಪುರಾತನ ಬೌದ್ಧ ಮಠದ ಪ್ರಾರ್ಥನಾ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಪುಣ್ಯ ಬರುತ್ತದೆ, ಎಡಕ್ಕೆ ತಿರುಗಿಸಿದರೆ ಹೊತ್ತು ಹಿಂದಕ್ಕೆ ಸರಿಯುತ್ತದೆ. ಗದಗಿನಿಂದ ಬಂದ ನೀಲಾಂಬಿಕೆಗೆ ಇದನ್ನು ಊರಿನವರೆಲ್ಲ ಹೇಳಿಯೇ ಇದ್ದರು. ಆದರೆ ಅವಳು ಮಠದ ಅಂಗಳ ಹತ್ತುವಷ್ಟರಲ್ಲಿ ಹಿಮಬೆಟ್ಟದ ಹೊಂಬಿಸಿಲು ಜಾರಿಹೋಗಿತ್ತು. ಒಂದು ಫೋಟೋದ ಆಸೆಗೆ ಅತ್ತಿತ್ತ ನೋಡಿ, ಚಕ್ರವನ್ನು ಒಂದೇ ಒಂದು ಸುತ್ತು ಎಡಕ್ಕೆ ತಿರುಗಿಸಿಬಿಟ್ಟಳು.

ಬಿಸಿಲು ಮರಳಿತು. ಕೆಳಗಿನ ಓಣಿಯಲ್ಲಿ ಚಹಾದಂಗಡಿಯವನು, "ಥೂ, ಕುದ್ದ ಚಹಾ ಮತ್ತೆ ತಣ್ಣೀರಾಯ್ತು! ಯಾರೋ ಟೂರಿಸ್ಟೇ ಇರಬೇಕು!" ಎಂದು ಬೈದುಕೊಂಡ. ನೀಲಾಂಬಿಕೆ ನಗು ತಡೆದುಕೊಳ್ಳುತ್ತಿರುವಾಗಲೇ ಪಕ್ಕದ ಮನೆಯಿಂದ ಹೆಂಗಸೊಬ್ಬಳ ಚೀರಾಟ ಕೇಳಿತು.

ಆ ಮನೆಯಿಂದ ಸೂಲಗಿತ್ತಿ ಅಜ್ಜಿ ಹೊರಬಂದು, ಫೋನು ಹಿಡಿದು ನಿಂತವಳನ್ನು ನೋಡಿದಳು.

"ನೀನೇ ಏನು ತಿರುಗಿಸಿದ್ದು? ಯಾಂಗ್ಡೋಲ್ ಈಗಷ್ಟೇ ಹೆತ್ತು ಮಲಗಿದ್ದಳು. ಕೂಸು ಮತ್ತೆ ಹೊಟ್ಟೆಗೆ ಹೋಯ್ತು, ನೋವು ಮತ್ತೆ ಮೊದಲಾಯ್ತು. ಬಾ ಒಳಗೆ. ಹೊತ್ತು ಕೆಡಿಸಿದವರೇ ಕೈ ಹಿಡಿದು ಕೂರಬೇಕು, ಅದು ನಮ್ಮೂರ ಪದ್ಧತಿ."

"ಅಜ್ಜಿ, ಈಗ ಬಲಕ್ಕೆ ತಿರುಗಿಸಿದ್ರೆ?"

"ಪುಣ್ಯ ಬರುತ್ತೆ, ಕೂಸು ಬರಲ್ಲ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ನೀಲಾಂಬಿಕೆಗೆ. ಯಾಂಗ್ಡೋಲಳ ಬೆವೆತ ಕೈ ಹಿಡಿದು ತಲೆ ತಗ್ಗಿಸಿ ಕುಳಿತಳು. ಕಣ್ಣೀರು ಹರಿಯುತ್ತಲೇ ಇತ್ತು. ನೋವು ತುಸು ಬಿಟ್ಟಾಗ ಯಾಂಗ್ಡೋಲಳೇ ಅವಳ ಬೆನ್ನು ಸವರಿದಳು.

"ಅಳಬೇಡ ಅಕ್ಕಾ," ಎಂದಳು ಏದುಸಿರಿನಲ್ಲಿ, "ಬಂದೇ ಬರ್ತಾಳೆ. ನಾನು ಅವಳ ಮುಖ ನೋಡಿದ್ದೀನಲ್ಲ."