ಕಾರ್ಡಿಲ್ಲದ ಅಪ್ಪ

“ಅದೆಲ್ಲ ಇರ್ಲಿ ಪೊರ್ಬುಗಳೇ, ನಿಮ್ಮ ಮಗು ಈಗ ಎಷ್ಟನೇ ಕ್ಲಾಸು?”

ದೋಹಾದ ಪಕ್ಕದ ಅಲ್ ವಕ್ರಾದಲ್ಲಿ, ಮೂರನೇ ಮಹಡಿಯ ತನ್ನ ಮನೆಯಲ್ಲಿ ದೂಮಪ್ಪ ಹೀಗೆ ಕೇಳಿದಾಗ ಝೇವಿಯರ್ ಬಾಯಿಯ ತನಕ ಒಯ್ದಿದ್ದ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟ. ಕ್ರಿಸ್ತರನ್ನು ಪೊರ್ಬುಗಳೇ ಎಂದು ಕರೆಯುವ ಊರಿನ ರೂಢಿಯನ್ನು ದೂಮಪ್ಪ ದೋಹಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ಬಿಟ್ಟಿರಲಿಲ್ಲ. ಝೇವಿಯರನಿಗೆ ಆ ಕರೆ ಹಿತವೇ. ಹಿತವಾಗದ್ದು ಪ್ರಶ್ನೆ. ಮೂರು ವಾರಗಳಿಂದ ಶುಕ್ರವಾರದ ಬಲಿಪೂಜೆ ಮುಗಿದದ್ದೇ ಹಳೇ ಕಾರು ಹತ್ತಿ ಮನೆ ಮನೆ ಸುತ್ತಿದ್ದ. ಯಾರೂ ಇದನ್ನು ಕೇಳಿರಲಿಲ್ಲ. ಕೇಳದಿರಲಿ ಎಂದು ಅವನೂ ಉಸಿರಾಡದೆ ಮಾತಾಡುತ್ತಿದ್ದ. ನಮ್ಮ ಶಾಲೆ ಎಂಟನೇ ಕ್ಲಾಸಿಗೇ ನಿಲ್ಲುತ್ತದೆ, ಬೇರೆ ಶಾಲೆಗಳಲ್ಲಿ ಸೀಟಿಲ್ಲ, ಹದಿಮೂರರ ಮಕ್ಕಳನ್ನು ಊರಿನ ಹಾಸ್ಟೆಲಿಗೆ ಕಳಿಸಬೇಕಾಗಿದೆ. ಮನೆಗೆ ಸಾವಿರ ರಿಯಾಲ್ ಹಾಕಿದರೆ ಹೈಸ್ಕೂಲಿಗೊಂದು ಕಟ್ಟಡ ಏಳುತ್ತದೆ. ಬರುವ ಶುಕ್ರವಾರ ಪೋಷಕರ ಸಭೆ. ಮನೆಗೊಂದು ವೋಟು, ಮಗುವಿನ ಶಾಲಾ ಕಾರ್ಡು ಹಿಡಿದು ಕೈ ಎತ್ತಬೇಕು. ವಕ್ರಾದ ಶಾಲಾ ಬಸ್ಸಿನ ಹನ್ನೆರಡು ಮನೆಗಳವರು ದೂಮಪ್ಪ ಎತ್ತಿದರೆ ಎತ್ತುವವರು, ಸುಮ್ಮನಿದ್ದರೆ ಸುಮ್ಮನಿರುವವರು. ಆ ಹನ್ನೆರಡು ಬಾರದಿದ್ದರೆ ಕಟ್ಟಡ ಕಾಗದದ ಮೇಲೇ ಉಳಿಯುವುದಿತ್ತು.

ದೂಮಪ್ಪನೇ ಮುಂದುವರಿಸಿದ. “ನನ್ನ ಮಗಳು ಗ್ರೀಷ್ಮಾಳಿಗೆ ಮಂಗಳೂರಲ್ಲಿ ಹಾಸ್ಟೆಲ್ ಸೀಟು ಆಗಿ ಆಯ್ತು. ಏಪ್ರಿಲಿಗೆ ಹೋಗ್ತಾಳೆ. ನಿಮ್ಮ ಕಟ್ಟಡ ಎದ್ದು ನಿಲ್ಲುವಾಗ ಅವಳ ಹತ್ತನೇ ಕ್ಲಾಸು ಮುಗಿದಿರ್ತದೆ. ಮತ್ತೆ ನಾನು ಸಾವಿರ ಕೊಡುವುದು ಎಂತಕ್ಕೆ, ನೀವೇ ಹೇಳಿ?”

ಸೋಫಾದ ಬುಡದಲ್ಲಿ ಹೊಸ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಪಕ್ಕದಲ್ಲೇ ಕುಳಿತು ಗ್ರೀಷ್ಮಾಳ ತಾಯಿ ಟವೆಲ್ಲಿನ ಮೂಲೆಗೆ ಕೆಂಪು ನೂಲಿನಲ್ಲಿ ಹಾಸ್ಟೆಲಿನ ನಂಬರು ಹೊಲಿಯುತ್ತಿದ್ದಳು. ಎರಡು ವರ್ಷದ ಹಿಂದೆ ಝೇವಿಯರನ ಹೆಂಡತಿ ಎಲೈಜಾ ಕೂಡ ಹೀಗೇ ಮಗನ ಬನಿಯನ್ನು, ಚಡ್ಡಿ, ಕರ್ಚೀಫು ಒಂದನ್ನೂ ಬಿಡದೆ ನೂರ ಹದಿನಾಲ್ಕು ಎಂದು ಹೊಲಿದಿದ್ದಳು. ಝೇವಿಯರ್ ಆ ಕೆಂಪು ನೂಲಿನಿಂದ ಕಣ್ಣು ತೆಗೆದ.

“ನನಗೆ ವೋಟಿಲ್ಲ ದೂಮಪ್ಪಣ್ಣ,” ಎಂದ. “ಮಗ ಕ್ಲೈವ್ ಹಾಸ್ಟೆಲಿಗೆ ಹೋಗಿ ಎರಡು ವರ್ಷ ಆಯ್ತು. ನನ್ನ ಹತ್ರ ಕಾರ್ಡೂ ಇಲ್ಲ.”

“ಅಯ್ಯೋ ದೇವರೇ! ಮತ್ತೆ ನೀವು ಊರಿಡೀ ಸುತ್ತುವುದು ಯಾರಿಗೋಸ್ಕರ ಮಾರಾಯ್ರೆ?”

“ಅವನಿಗೆ ತೊಂದರೆ ಎಂತದೂ ಇಲ್ಲ. ಮಾರ್ಕ್ ಒಳ್ಳೆದುಂಟು, ಊಟ ಒಳ್ಳೆದುಂಟು. ಶುಕ್ರವಾರ ಫೋನಲ್ಲಿ ‘ಚೆನ್ನಾಗಿದ್ದೇನೆ ಪಪ್ಪಾ’ ಹೇಳ್ತಾನೆ.” ಝೇವಿಯರ್ ಲೋಟವನ್ನು ಅತ್ತಿತ್ತ ತಿರುಗಿಸಿದ. “ಕಳೆದ ಮೇ ತಿಂಗಳಲ್ಲಿ ರಜೆಗೆ ಬಂದಿದ್ದ. ಬಂದ ದಿನ ಅಡುಗೆಮನೆಯಲ್ಲಿ ಕೈ ಕಟ್ಟಿ ನಿಂತಿದ್ದ. ‘ಎಂತ ಬೇಕು?’ ಕೇಳಿದೆ. ‘ಪಪ್ಪಾ, ಫ್ರಿಜ್ ತೆಗಿಬಹುದಾ?’ ಕೇಳಿದ. ಅವನದ್ದೇ ಮನೆ ದೂಮಪ್ಪಣ್ಣ. ಹುಟ್ಟಿದಂದಿನಿಂದ ಅದೇ ಫ್ರಿಜ್ಜು.”

ಸೂಜಿ ನಿಂತಿತು. ಒಳಕೋಣೆಯಲ್ಲಿ ಗ್ರೀಷ್ಮಾ ಟಿ.ವಿ. ನೋಡಿ ಬಿದ್ದು ಬಿದ್ದು ನಗುತ್ತಿರುವುದು ಕೇಳುತ್ತಿತ್ತು. ದೂಮಪ್ಪ ಆ ಕಡೆಗೆ ಕಿವಿಯಿಟ್ಟು “ನೋಡುವ” ಎಂದಷ್ಟೇ ಹೇಳಿದ. ಕರಾವಳಿಯವರ ‘ನೋಡುವ’ ಎಷ್ಟು ದೂರ ಹೋಗುತ್ತದೆಂದು ಝೇವಿಯರನಿಗೆ ಗೊತ್ತಿಲ್ಲದ್ದೇನಲ್ಲ. ಮೆಟ್ಟಿಲಿಳಿಯುವಾಗ ಅವನು ತನ್ನ ಮೇಲೇ ಸಿಟ್ಟಾದ. ಮನೆಯೊಳಗೆ ಇಟ್ಟುಕೊಳ್ಳಬೇಕಾದ ಮಾತನ್ನು ಹೊರಗೆ ಹಾಕಿದ್ದಾಯಿತು, ವೋಟೂ ಸಿಗಲಿಲ್ಲ.

ಸಭೆಯ ದಿನ ಬಾಗಿಲಲ್ಲಿದ್ದವರು ಸಂಕೋಚದಿಂದಲೇ “ಕಾರ್ಡು?” ಎಂದರು. ಝೇವಿಯರ್ ನಕ್ಕು ಹಿಂದೆ ಸರಿದು, ಹೊರಗಿನ ವಾಟರ್ ಕೂಲರ್ ಪಕ್ಕದ ಕಿಟಕಿಯ ಬಳಿ ನಿಂತ. ಒಳಗೆ “ಕಟ್ಟಡ ಬೇಕೆನ್ನುವವರು ಕೈ ಎತ್ತಿ” ಎಂದದ್ದು ಕೇಳಿಸಿತು. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಮೂರನೇ ಸಾಲಿನಲ್ಲಿ ದೂಮಪ್ಪನ ಎರಡೂ ಕೈ ಮೊಣಕಾಲ ಮೇಲೇ ಇದ್ದವು. ಝೇವಿಯರ್ ಕಿಟಕಿಯಿಂದ ಮುಖ ತಿರುಗಿಸುವುದರಲ್ಲಿದ್ದ. ಅಷ್ಟರಲ್ಲಿ ದೂಮಪ್ಪ ಅಂಗಿಯ ಕಿಸೆಯಿಂದ ಮಗಳ ಕಾರ್ಡು ತೆಗೆದ. ಅದರ ಮೇಲಿನ ಫೋಟೋವನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿ ಕೈ ಎತ್ತಿದ. ಹಿಂದಿನಿಂದ ವಕ್ರಾದ ಕೈಗಳೆಲ್ಲ ಎದ್ದವು.

ಸಭೆ ಮುಗಿದು ಜನ ಹೊರಗೆ ಬಂದರು. ದೂಮಪ್ಪ ನೇರ ಕೂಲರಿನ ಹತ್ತಿರ ಬಂದು ನೀರು ಕುಡಿದ. “ಖಲಾಸ್, ಕೆಲಸ ಮುಗೀತು, ಪಾಸಾಯ್ತು” ಎಂದ. ಝೇವಿಯರ್ ಅವನ ಕೈ ಹಿಡಿದುಕೊಂಡ. ದೂಮಪ್ಪನೂ ಹೋಗದೆ ನಿಂತೇ ಇದ್ದ.

“ಒಂದು ಕೇಳ್ಲಾ ಪೊರ್ಬುಗಳೇ? ಅವತ್ತು ಮಗ ‘ಫ್ರಿಜ್ ತೆಗಿಬಹುದಾ’ ಕೇಳಿದ ಅಂತ ಹೇಳಿದ್ರಲ್ಲ. ನೀವು ಎಂತ ಹೇಳಿದ್ರಿ?”

ಇದನ್ನು ಎಲೈಜಾ ಕೂಡ ಕೇಳಿರಲಿಲ್ಲ.

“‘ತೆಗಿ ಮಗಾ’ ಹೇಳಿದೆ,” ಎಂದ ಝೇವಿಯರ್. “ಪರ್ಮಿಷನ್ ಕೊಟ್ಟುಬಿಟ್ಟೆ ದೂಮಪ್ಪಣ್ಣ. ಗ್ರೀಷ್ಮಾ ಹಾಗೆ ಕೇಳಿದ್ರೆ ಕೊಡಬೇಡಿ. ಸ್ವಂತ ಮನೆಯಲ್ಲಿ ಕೇಳುವುದಾ ಅಂತ ಚೆನ್ನಾಗಿ ಬೈಯಿರಿ.”