ಮಾಯವಾಗುತ್ತಿದ್ದ ರಾಜ

“ರಾಜನ ಪಾತ್ರಧಾರಿ ದಿನಾ ಮಾಯವಾಗ್ತಿದ್ದದ್ದು ಇಲ್ಲೇ!” ಈಗ ಬಟ್ಟೆ ಅಂಗಡಿಯಾಗಿರುವ ಹಳೆಯ ಥಿಯೇಟರಿನಲ್ಲಿ ಗೈಡ್ ನೆಲದ ಗಾಜನ್ನು ಹಿಮ್ಮಡಿಯಿಂದ ಕುಟ್ಟಿ ಪ್ರವಾಸಿಗರಿಗೆ ತೋರಿಸಿದಳು. ಗಾಜಿನಡಿ ಹಳೆಯ ರಂಗದ, ಕೆಳಕ್ಕೆ ತೆರೆಯುವ ಕಳ್ಳಬಾಗಿಲಿತ್ತು. “ಆಗ ಈ ಬೀದೀಲಿ ಹದಿನಾಲ್ಕು ಥಿಯೇಟರು. ಇಂಥ ಜಾದೂ ಇನ್ನೆಲ್ಲೂ ಇರ್ಲಿಲ್ಲ. ಎಲ್ಲಿಗೆ ಹೋಗ್ತಿದ್ದ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.”

ಇದನ್ನೇ ಕೇಳಿ ಕೇಳಿ ಅಂಗಡಿಯ ಬಾಗಿಲು ಕಾಯುವ ಮುದುಕನಿಗೆ ತಲೆ ಚಿಟ್ಟು ಹಿಡಿದಿತ್ತು. ಇವತ್ತು ತಡೆಯಲಾಗಲಿಲ್ಲ. “ನನ್ನ ಹೆಗಲ ಮೇಲೆ ಬೀಳ್ತಿದ್ದ ಕಣಮ್ಮ,” ಎಂದ. “ಹನ್ನೊಂದು ವರ್ಷ ಕೆಳಗೆ ನಿಂತು ಹಿಡ್ಕೊಂಡಿದೀನಿ. ನೋಡಿ, ಈ ಕೈ ಇಷ್ಟಕ್ಕಿಂತ ಮೇಲೇಳಲ್ಲ.” ಬಲಗೈ ಎದೆಮಟ್ಟಕ್ಕೆ ಬಂದು ನಿಂತಿತು.

ಗೈಡ್ ನಕ್ಕಳು. “ನೋಡಿದ್ರಾ, ಈ ಬೀದೀಲಿ ವಾಚ್‌ಮನ್ ಕೂಡ ಎಂಥಾ ನಟ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಟ್ಟಡದಲ್ಲಿ ಅವನಿಗೆ ಸಿಕ್ಕ ಮೊದಲ ಚಪ್ಪಾಳೆ ಅದು.